ನರಮಂಡಲವೂ ಮೂರ್ಛೆರೋಗವೂ

ಶರೀರಶಾಸ್ತ್ರದ ಪಾಠಗಳಲ್ಲಿ ನಮ್ಮ ಹುಡುಗಿಯರಿಗೆ ಅತ್ಯಂತ ಬೇಸರವನ್ನುಂಟುಮಾಡುವುದು ನರಮಂಡಲದ ಪಾಠವೆಂಬುದನ್ನು ನಾವು ಬಹುಕಾಲದಿಂದ ಕಂಡಿದ್ದೇವೆ. ಹೃದಯದ ಪಾಠವೆಂದರೆ ಎದೆಯ ಮೇಲೆ ಕೈಯಿಟ್ಟು ಬಡಿತವನ್ನು ಎಣಿಸಬಹುದು. ಶ್ವಾಸಕೋಶದ ಪಾಠವೆಂದರೆ ಉಸಿರನ್ನು ಬಿಗಿಹಿಡಿದು ಒಬ್ಬರೊಡನೊಬ್ಬರು ಪಂದ್ಯ ಕಟ್ಟಬಹುದು. ಮೆದುಳಾದರೋ ಬಡಿಯುವುದಿಲ್ಲ, ಉಬ್ಬುವುದಿಲ್ಲ, ಸದ್ದು ಮಾಡುವುದಿಲ್ಲ. ಅದರ ಚಿತ್ರವನ್ನು ಬರೆದು, ಭಾಗಗಳ ಹೆಸರುಗಳನ್ನು ಗುರುತಿಸಿ, ಪರೀಕ್ಷೆಯಾದ ಮರುದಿನವೇ ಮರೆತುಬಿಡುವುದು ವಾಡಿಕೆ. ಆದರೆ ಈ ಪಾಠವನ್ನು ಮರೆತುದರಿಂದ ನಮ್ಮ ಮನೆಗಳಲ್ಲಿ ಆಗುತ್ತಿರುವ ಹಾನಿ ಅಲ್ಪವಲ್ಲ. ಆದುದರಿಂದ ಈ ಸಂಚಿಕೆಯ ಮೂಲಕ ಹಳೆಯ ವಿದ್ಯಾರ್ಥಿನಿಯರಿಗೆ ಆ ಪಾಠವನ್ನು ಇನ್ನೊಮ್ಮೆ ನೆನಪಿಗೆ ತಂದು, ಅದರ ಬೆನ್ನಿಗೇ ಮೂರ್ಛೆರೋಗದ ವಿಷಯವಾಗಿ ಅವರಿಗೂ ಹೆಣ್ಣುಮಕ್ಕಳ ತಾಯಿತಂದೆಗಳಿಗೂ ಕೆಲವು ಮಾತುಗಳನ್ನು ಅರಿಕೆಮಾಡಬೇಕೆಂದು ಅಪೇಕ್ಷಿಸಿದ್ದೇವೆ.

ಬೆಳೆದ ಮನುಷ್ಯನ ಮೆದುಳು ಸುಮಾರು 1,300ರಿಂದ 1,400 ಗ್ರಾಂ ತೂಗುತ್ತದೆ. ಇದು ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೆ ನಾವು ಉಂಡ ಅನ್ನದ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತು ಪಾಲನ್ನು ಇದೊಂದೇ ತೆಗೆದುಕೊಳ್ಳುತ್ತದೆ. ಆಕ್ರೋಡಿನ ತಿರುಳಿನಂತೆ ಸುಕ್ಕುಸುಕ್ಕಾಗಿ ಎರಡು ಹೋಳುಗಳಾಗಿರುವುದು ದೊಡ್ಡ ಮೆದುಳು. ನೋಡುವುದು, ಕೇಳುವುದು, ಮಾತಾಡುವುದು, ಯೋಚಿಸುವುದು, ಕೈಕಾಲುಗಳನ್ನು ಬೇಕೆಂದು ಆಡಿಸುವುದು ಇದರ ವಶದಲ್ಲಿವೆ. ಎಡಹೋಳು ಬಲಮೈಯನ್ನೂ, ಬಲಹೋಳು ಎಡಮೈಯನ್ನೂ ಆಳುತ್ತವೆ. ತಲೆಯ ಹಿಂಬದಿಯಲ್ಲಿ ಅಡಗಿರುವ ಚಿಕ್ಕ ಮೆದುಳು ಮೈಯ ಸಮತೋಲವನ್ನೂ ಚಲನೆಯ ಹದವನ್ನೂ ನೋಡಿಕೊಳ್ಳುವುದು. ತಲೆಯ ಮೇಲೊಂದು, ಕಂಕುಳಲ್ಲೊಂದು ಕೊಡ ಹೊತ್ತು ಬಾವಿಯಿಂದ ಬರುವ ಹೆಂಗಸು ಒಂದು ಹನಿಯನ್ನೂ ಚೆಲ್ಲದಿರುವುದು ಇದರ ಕೃಪೆಯಿಂದಲೇ. ಇವೆರಡರ ಕೆಳಗಿರುವ ಕಾಂಡವು ಉಸಿರಾಟವನ್ನೂ ಹೃದಯದ ಗತಿಯನ್ನೂ ನಾವು ಮಲಗಿದ್ದಾಗಲೂ ಕಾಯುತ್ತಿರುತ್ತದೆ. ಅಲ್ಲಿಂದ ಕಿರುಬೆರಳಿನ ಗಾತ್ರದ ಬೆನ್ನುಹುರಿ ಹೊರಟು, ಬೆನ್ನೆಲುಬಿನ ಕೊಳವೆಯೊಳಗೆ ಇಳಿದು, ಸೊಂಟದ ಮೇಲ್ಭಾಗದಲ್ಲಿಯೇ ನಿಂತುಬಿಡುತ್ತದೆ. ಮೆದುಳಿನಿಂದ ಹನ್ನೆರಡು ಜೊತೆ, ಬೆನ್ನುಹುರಿಯಿಂದ ಮೂವತ್ತೊಂದು ಜೊತೆ ನರಗಳು ಕವಲೊಡೆದು ಕಾಲಿನ ಹೆಬ್ಬೆರಳಿನ ತುದಿಯವರೆಗೂ ಹರಡಿಕೊಂಡಿವೆ. ಸುದ್ದಿಯನ್ನು ಒಳಗೆ ತರುವ ತಂತುಗಳಿಗೆ ಜ್ಞಾನತಂತುಗಳೆಂದೂ, ಅಪ್ಪಣೆಯನ್ನು ಹೊರಗೆ ಒಯ್ಯುವವುಗಳಿಗೆ ಚಾಲಕತಂತುಗಳೆಂದೂ ನಮಗೆ ಕಲಿಸಿದವರು ಹೇಳುತ್ತಿದ್ದರು. ಆ ಹೆಸರುಗಳು ನಮಗೆ ಇಂದಿಗೂ ಇಷ್ಟವಾಗಿವೆ.

ಇದೆಲ್ಲವೂ ಸೂಕ್ಷ್ಮವಾದ ನರಕಣಗಳಿಂದ ಮಾಡಲ್ಪಟ್ಟಿದೆ. ಮೆದುಳಿನಲ್ಲಿ ಅವು ಹತ್ತು ಸಾವಿರ ಕೋಟಿ ಇವೆಯೆಂದು ಹಳೆಯ ಪುಸ್ತಕಗಳಲ್ಲಿ ಬರೆದಿರುತ್ತಿತ್ತು. ಎಣಿಸಿದವರು ಯಾರೆಂದು ಕೇಳುವವರಿರಲಿಲ್ಲ. ಬ್ರೆಜಿಲ್ ದೇಶದ ಸುಜಾನಾ ಹರ್ಕುಲಾನೋ-ಹೌಜೆಲ್ ಎಂಬ ಮಹಿಳೆಯು ಸಹೋದ್ಯೋಗಿಗಳೊಡನೆ ಕೂಡಿ, ಮೆದುಳನ್ನು ಸಾರಿನಂತೆ ಸಮವಾಗಿ ಕದಡಿ, ಅದರೊಳಗಿನ ಕಣಬೀಜಗಳನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿ ಎಣಿಸುವ ಉಪಾಯವನ್ನು ಹೂಡಿದಳು. 2009ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ಸಂಖ್ಯೆ ಸುಮಾರು 8,600 ಕೋಟಿ. ಇವುಗಳಲ್ಲಿ ಐದರಲ್ಲಿ ನಾಲ್ಕು ಪಾಲು ಆ ಚಿಕ್ಕ ಮೆದುಳಿನಲ್ಲಿಯೇ ಇವೆ! ಅಡಿಗೆಮನೆಯ ಯುಕ್ತಿಯಿಂದ ಶಾಸ್ತ್ರದ ತಪ್ಪನ್ನು ತಿದ್ದಿದ ಈ ಕಥೆಯನ್ನು ನಾವು ತರಗತಿಯಲ್ಲಿ ಹೇಳಿದಾಗ ಹುಡುಗಿಯರು ನಕ್ಕರೂ, ಆ ಸಂಖ್ಯೆಯನ್ನು ಮಾತ್ರ ಯಾರೂ ಮರೆಯಲಿಲ್ಲ.

ನರಗಳನ್ನು ತಂತಿಯ ಕಂಬಗಳ ಸಾಲಿಗೆ ಹೋಲಿಸುವುದು ಹಿಂದಿನ ಪದ್ಧತಿ. ನಮ್ಮ ದೇಶದಲ್ಲಿ ತಂತಿಯ ಇಲಾಖೆಯೇ 2013ನೆಯ ಇಸವಿಯ ಜುಲೈ ತಿಂಗಳಲ್ಲಿ ಮುಚ್ಚಿಹೋದ ಕಾರಣ ಈಗಿನ ಮಕ್ಕಳಿಗೆ ಆ ಹೋಲಿಕೆ ತಿಳಿಯದು. ತಿಳಿಯದಿರುವುದೂ ಒಳ್ಳೆಯದೇ, ಯಾತಕ್ಕೆಂದರೆ ಆ ಹೋಲಿಕೆ ಸರಿಯಲ್ಲ. 1850ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಪಂಡಿತನು ಕಪ್ಪೆಯ ನರದಲ್ಲಿ ಸುದ್ದಿ ಓಡುವ ವೇಗವನ್ನು ಅಳೆದಾಗ ಅದು ಸೆಕೆಂಡಿಗೆ ಇಪ್ಪತ್ತೇಳು ಮೀಟರಿನಷ್ಟೇ ಇತ್ತು. ಆ ವೇಗವನ್ನು ಅಳೆಯುವುದೇ ಅಸಾಧ್ಯವೆಂದು ಆತನ ಗುರುವಾದ ಮುಲ್ಲರನು ನಂಬಿದ್ದನಂತೆ. ನಮ್ಮ ದೇಹದ ಅತಿ ಚುರುಕಾದ ನರಗಳಲ್ಲಿ ಅದು ಸೆಕೆಂಡಿಗೆ 120 ಮೀಟರಿನವರೆಗೆ ಹೋಗುವುದು. ಮಂದವಾದ ನೋವನ್ನು ಒಯ್ಯುವ ತೆಳು ತಂತುಗಳಲ್ಲಿ ಒಂದೆರಡು ಮೀಟರು ಮಾತ್ರ. ಕಾಲುಬೆರಳನ್ನು ಹೊಸಿಲಿಗೆ ಎಡವಿದವರಿಗೆ ಮೊದಲು ಚುರುಕೆಂದು, ಒಂದು ಕ್ಷಣ ಬಿಟ್ಟು ಮತ್ತೆ ಉರಿಯುರಿಯಾಗಿ ಎರಡು ನೋವುಗಳು ಬರುವುದಕ್ಕೆ ಇದೇ ಕಾರಣ. ಮನೆಗೆ ಹೆಂಚು ಹೊದಿಸುವಾಗ ಆಳುಗಳು ಸಾಲಾಗಿ ನಿಂತು ಕೈಯಿಂದ ಕೈಗೆ ಹೆಂಚನ್ನು ದಾಟಿಸುವುದನ್ನು ನೋಡಿದ್ದೀರಷ್ಟೆ? ನರದ ಕೆಲಸವೂ ಹಾಗೆಯೇ. ತಂತುವಿನ ಉದ್ದಕ್ಕೂ ಉಪ್ಪಿನ ಅತಿ ಸೂಕ್ಷ್ಮವಾದ ಕಣಗಳು ಒಳಗೂ ಹೊರಗೂ ನುಗ್ಗಿ, ಒಂದು ಭಾಗವು ತನ್ನ ಪಕ್ಕದ ಭಾಗವನ್ನು ಎಬ್ಬಿಸುತ್ತಾ ಸುದ್ದಿಯನ್ನು ಮುಂದಕ್ಕೆ ಸಾಗಿಸುತ್ತದೆ. ಒಂದು ತಂತು ಮುಗಿದು ಇನ್ನೊಂದು ಕಣ ಆರಂಭವಾಗುವಲ್ಲಿ ಒಂದು ಸಣ್ಣ ಸಂದು ಇರುತ್ತದೆ. ಅಲ್ಲಿ ಸುದ್ದಿಯು ಸಾಮಾನ್ಯವಾಗಿ ರಸಾಯನದ ರೂಪವನ್ನು ತಾಳಿ ದಾಟುವುದು.

ಕಾದ ಹೆಂಚಿಗೆ ಬೆರಳು ತಗುಲಿದರೆ, ನೋವಾಯಿತೆಂದು ನಾವು ಅರಿಯುವುದಕ್ಕೆ ಮೊದಲೇ ಕೈ ಹಿಂದಕ್ಕೆ ಬಂದಿರುತ್ತದೆ. ಬೆನ್ನುಹುರಿಯೇ ಆ ಕೆಲಸವನ್ನು ಮುಗಿಸಿ, ಮೇಲಿನ ಕಚೇರಿಗೆ ಆಮೇಲೆ ವರದಿಯನ್ನು ಕಳುಹಿಸುತ್ತದೆ. ಮನೆಗೆ ಬೆಂಕಿಬಿದ್ದರೆ ನೀರೆರಚುವುದಕ್ಕೆ ಯಾರೂ ಸರಕಾರದ ಅಪ್ಪಣೆಗೆ ಕಾಯುವುದಿಲ್ಲವಲ್ಲ.

ಈಗ ನಮ್ಮ ಮುಖ್ಯ ವಿಷಯಕ್ಕೆ ಬೇಕಾದ ಸಂಗತಿಯೊಂದುಂಟು. ನರಕಣಗಳಲ್ಲಿ "ಏಳು, ಮಾಡು" ಎನ್ನುವವು ಇರುವಂತೆಯೇ "ಬೇಡ, ಸುಮ್ಮನಿರು" ಎನ್ನುವವೂ ಇವೆ. ತಡೆಯುವ ಈ ಎರಡನೆಯ ಜಾತಿಯ ಮಹತ್ವವನ್ನು ಪಾಠದ ಪುಸ್ತಕಗಳು ಸಾಕಷ್ಟು ಹೇಳುವುದಿಲ್ಲವೆಂದು ನಮ್ಮ ಅಭಿಪ್ರಾಯ. ನೂರು ಹುಡುಗಿಯರಿರುವ ಸಭಾಂಗಣದಲ್ಲಿ ಕೆಲಸ ನಡೆಯಬೇಕಾದರೆ ಮಾತಾಡುವವರು ಕೆಲವರು, ಕೇಳುವವರು ಹಲವರು ಇರಬೇಕು. ಎಲ್ಲರೂ ಒಂದೇ ಕ್ಷಣದಲ್ಲಿ ಒಂದೇ ತಾಳದಲ್ಲಿ ಕೂಗತೊಡಗಿದರೆ ಯಾರ ಮಾತೂ ಯಾರಿಗೂ ತಿಳಿಯದು. ಮೆದುಳಿನ ಒಂದು ಭಾಗದಲ್ಲಿಯೋ, ಎಲ್ಲೆಡೆಯಲ್ಲಿಯೋ ತಡೆಯುವ ಶಕ್ತಿ ಸೋತು, ಕಣಗಳು ಹೀಗೆ ಒಟ್ಟಿಗೆ ಕೂಗಿದುದೇ ಮೂರ್ಛೆ. ಇದಕ್ಕೆ ಫಿಟ್ಸು ಎಂದೂ, ಇದು ಮೇಲಿಂದ ಮೇಲೆ ಬರುತ್ತಿದ್ದರೆ ಅಪಸ್ಮಾರವೆಂದೂ ಹೆಸರು. ಲಂಡನಿನ ಹ್ಯೂಲಿಂಗ್ಸ್ ಜಾಕ್ಸನ್ ಎಂಬ ವೈದ್ಯನು 1870ರ ದಶಕದಲ್ಲಿಯೇ ಇದನ್ನು ಸ್ಪಷ್ಟಪಡಿಸಿದನು. ಕೆಲವು ರೋಗಿಗಳಲ್ಲಿ ಸೆಳೆತವು ಹೆಬ್ಬೆರಳಿನಲ್ಲಿ ಹುಟ್ಟಿ, ಕೈಗೆ, ತೋಳಿಗೆ, ಮುಖಕ್ಕೆ ಒಂದು ಕ್ರಮದಿಂದ ನಡೆದುಕೊಂಡು ಹೋಗುವುದನ್ನು ಆತನು ತಾಳ್ಮೆಯಿಂದ ನೋಡುತ್ತಿದ್ದನು. ಮೈಯ ಭಾಗಗಳು ಮೆದುಳಿನ ಮೇಲೆ ಇದೇ ಕ್ರಮದಲ್ಲಿ ಅಕ್ಕಪಕ್ಕದಲ್ಲಿ ಬರೆಯಲ್ಪಟ್ಟಿರಬೇಕೆಂದು ತಲೆಬುರುಡೆಯನ್ನು ತೆರೆಯದೆಯೇ ಊಹಿಸಿದನು, ಅದು ನಿಜವಾಯಿತು. 1924ರಲ್ಲಿ ಜರ್ಮನಿಯ ಯೇನಾ ಪಟ್ಟಣದಲ್ಲಿ ಹಾನ್ಸ್ ಬೆರ್ಗರ್ ಎಂಬುವನು ಮನುಷ್ಯನ ಮೆದುಳಿನ ವಿದ್ಯುತ್ತಿನ ಅಲೆಗಳನ್ನು ಮೊಟ್ಟಮೊದಲು ಕಾಗದದ ಮೇಲೆ ಇಳಿಸಿ, ಐದು ವರ್ಷ ಮುಚ್ಚಿಟ್ಟುಕೊಂಡು, 1929ರಲ್ಲಿ ಪ್ರಕಟಿಸಿದನು. ಅಂದಿನಿಂದ ಮೂರ್ಛೆಯೆಂಬುದು ಕಣ್ಣಿಗೆ ಕಾಣುವ ಗೆರೆಯಾಗಿದೆ. ಗಾಳಿ ಸೋಂಕಿದ್ದಕ್ಕಾಗಲಿ, ದೆವ್ವ ಹಿಡಿದದ್ದಕ್ಕಾಗಲಿ ಆ ಕಾಗದದಲ್ಲಿ ಎಡೆಯಿಲ್ಲ.

ಬಹಳ ವರ್ಷಗಳ ಹಿಂದೆ, ಬೇರೊಂದು ಊರಿನ ಶಾಲೆಯಲ್ಲಿ ನಾವು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ಬೋರ್ಡಿಂಗಿನಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗಿಯಿದ್ದಳು. ಓದಿನಲ್ಲಿ ಚುರುಕು, ಹಾಡುವುದರಲ್ಲಿ ಎಲ್ಲರಿಗಿಂತ ಮುಂದು. ಆದರೆ ಬೆಳಿಗ್ಗೆ ಎದ್ದ ಸ್ವಲ್ಪ ಹೊತ್ತಿನಲ್ಲಿ ಅವಳ ಕೈ ಒಮ್ಮೊಮ್ಮೆ ಫಕ್ಕನೆ ಹಾರಿ, ಹಿಡಿದ ಕಾಫಿಯ ಲೋಟವೋ ಹಲ್ಲುಪುಡಿಯ ಡಬ್ಬಿಯೋ ದೂರ ಬೀಳುತ್ತಿತ್ತು. "ಅಜಾಗರೂಕಳು" ಎಂದು ಅವಳಿಗೆ ಬೈಗುಳವಾಗುತ್ತಿತ್ತು. ವಾರ್ಷಿಕ ಪರೀಕ್ಷೆ ಸಮೀಪಿಸಿತು. ರಾತ್ರಿ ಹನ್ನೆರಡರವರೆಗೆ ಓದಿ, ನಾಲ್ಕು ಗಂಟೆಗೇ ಎದ್ದು ಮತ್ತೆ ಓದಿ, ಮೂರನೆಯ ದಿನದ ಬೆಳಗಿನ ಪ್ರಾರ್ಥನೆಯ ಸಮಯದಲ್ಲಿ ಅವಳು ಕೂಗಿ ನೆಲಕ್ಕೆ ಬಿದ್ದಳು. ಮೈ ಸೆಟೆದು, ಬಾಯಲ್ಲಿ ನೊರೆ ಬಂದು, ಕೈಕಾಲುಗಳು ಬಡಿದುಕೊಂಡವು. ಉಳಿದ ಹುಡುಗಿಯರು ಚೀರುತ್ತಾ ಹೊರಗೋಡಿದರು. ಯಾರೋ ಬೀಗದ ಕೈಗೊಂಚಲನ್ನು ತಂದು ಅವಳ ಮುಷ್ಟಿಯಲ್ಲಿ ತುರುಕಿದರು. ಇನ್ನಾರೋ ಚಮಚವನ್ನು ಹಲ್ಲುಗಳ ನಡುವೆ ಒತ್ತಿ ತುಟಿಯನ್ನು ಸೀಳಿದರು. ಎರಡು ನಿಮಿಷದಲ್ಲಿ ಎಲ್ಲವೂ ಮುಗಿದು ಅವಳು ನಿದ್ದೆಹೋದಳು. ನಾಲ್ಕು ದಿನಗಳೊಳಗಾಗಿ ಅವಳ ಟ್ರಂಕೂ ಹಾಸಿಗೆಯ ಸುರುಳಿಯೂ ಬಸ್ಸಿನ ಮೇಲೇರಿದವು. ಕರೆದೊಯ್ಯಲು ಬಂದಿದ್ದ ಆ ತಾಯಿಯು ನಮ್ಮನ್ನು ಪಕ್ಕಕ್ಕೆ ಕರೆದು, "ಟೀಚರಮ್ಮಾ, ದಯಮಾಡಿ ಈ ಸಂಗತಿಯನ್ನು ಯಾರಿಗೂ ಹೇಳಬೇಡಿರಿ. ಇವಳ ಬೆನ್ನ ಹಿಂದೆ ಇಬ್ಬರು ತಂಗಿಯರಿದ್ದಾರೆ" ಎಂದರು. ಮಗಳ ತುಟಿ ಇನ್ನೂ ಊದಿಕೊಂಡೇ ಇತ್ತು. ಅವಳು ಶಾಲೆಗೆ ಮರಳಿ ಬರಲಿಲ್ಲ. ಆ ತಾಯಿಗೆ ಕೊಟ್ಟ ಮಾತಿನಂತೆ ಅವಳ ಹೆಸರನ್ನಾಗಲಿ ಊರನ್ನಾಗಲಿ ನಾವು ಇಲ್ಲಿಯೂ ಹೇಳುವುದಿಲ್ಲ.

ಆ ಹುಡುಗಿಯಲ್ಲಿ ಕಂಡ ಲಕ್ಷಣಗಳೆಲ್ಲವೂ ಇಂದು ವೈದ್ಯರಿಗೆ ಚೆನ್ನಾಗಿ ಪರಿಚಿತವಾದ ಒಂದು ಬಗೆಯ ಅಪಸ್ಮಾರದವು. ಇದು ಹೆಚ್ಚಾಗಿ ಹನ್ನೆರಡರಿಂದ ಹದಿನೆಂಟು ವರ್ಷದೊಳಗೆ ತಲೆದೋರುತ್ತದೆ. ಬೆಳಗಿನ ಹೊತ್ತು ಕೈಗಳು ಹಾರುವುದು ಇದರ ಮುನ್ಸೂಚನೆ. ನಿದ್ದೆಗೆಡುವುದು ಇದಕ್ಕೆ ಬೆಂಕಿಗೆ ತುಪ್ಪ ಹುಯ್ದಂತೆ. ತಕ್ಕ ಮಾತ್ರೆಗಳಿಂದ ಬಹುಮಂದಿಯಲ್ಲಿ ಇದು ಅಡಗಿಹೋಗುವುದು, ಬುದ್ಧಿಗೆ ಕುಂದಿಲ್ಲ. ಪರೀಕ್ಷೆಯ ಕಾಲದಲ್ಲಿ ಮಗಳು ಲೋಟ ಕೆಡವಿದರೆ ಬೈಯುವ ಮೊದಲು, ಅದು ಬೆಳಗಿನಲ್ಲಿಯೇ ಆಗುತ್ತಿದೆಯೋ ಎಂದು ತಾಯಂದಿರು ಗಮನಿಸಲೆಂದು ನಮ್ಮ ಬಿನ್ನಹ.

ಇನ್ನೊಂದು ಬಗೆಯಲ್ಲಿ ಬೀಳುವುದೂ ಇಲ್ಲ, ನೊರೆಯೂ ಇಲ್ಲ. ಪ್ರೈಮರಿ ತರಗತಿಯ ಮಗು ಓದುತ್ತಾ ಓದುತ್ತಾ ನಡುವೆ ತಟ್ಟನೆ ನಿಂತು, ಹತ್ತು ಸೆಕೆಂಡು ಶೂನ್ಯವನ್ನು ನೋಡಿ, ಏನೂ ಆಗದಂತೆ ಮುಂದುವರಿಯುತ್ತದೆ. ದಿನಕ್ಕೆ ಹತ್ತಾರು ಸಲ ಹೀಗಾಗಬಹುದು. ಆ ಹತ್ತು ಸೆಕೆಂಡುಗಳಲ್ಲಿ ಹೇಳಿದ ಲೆಕ್ಕ ಅದಕ್ಕೆ ಕೇಳಿಸುವುದೇ ಇಲ್ಲ. ಉಪಾಧ್ಯಾಯಿನಿಯು ಅದನ್ನು ಹಗಲುಗನಸೆಂದು ಶಿಕ್ಷಿಸುತ್ತಾಳೆ. ಹೆಸರು ಹಿಡಿದು ಕೂಗಿದರೆ, ಭುಜ ಮುಟ್ಟಿದರೆ ಹಗಲುಗನಸಿನ ಮಗು ಎಚ್ಚರಗೊಳ್ಳುವುದು. ಈ ಮಗು ಎಚ್ಚರಗೊಳ್ಳದು.

ನಮ್ಮ ಕನ್ನಡ ನಾಡಿಗೆ ವಿಶೇಷವಾಗಿ ಸಂಬಂಧಿಸಿದ ಮೂರ್ಛೆಯೊಂದುಂಟೆಂದರೆ ಓದುಗರಿಗೆ ಆಶ್ಚರ್ಯವಾದೀತು. ಹಂಡೆಯ ಕುದಿನೀರನ್ನು ತೋಡಿ, ತಂಬಿಗೆ ತಂಬಿಗೆಯಾಗಿ ನೆತ್ತಿಯ ಮೇಲೆ ಬಡಬಡನೆ ಹುಯ್ದುಕೊಂಡು ಮೀಯುವುದು ನಮ್ಮಲ್ಲಿ ಸುಖವೆಂದೆಣಿಸಲ್ಪಡುತ್ತದೆ. ಕೆಲವರಿಗೆ ಹೀಗೆ ತಲೆಗೆ ನೀರು ಬೀಳುವಾಗಲೇ ಮೂರ್ಛೆ ಬರುತ್ತದೆ. ಬೆಂಗಳೂರಿನ ನರವೈದ್ಯರಾದ ಡಾಕ್ಟರ್ ಕೆ. ಎಸ್. ಮಣಿಯವರು ತಮ್ಮ ಸಂಗಡಿಗರೊಡನೆ 1968ರಲ್ಲಿ "ಬಿಸಿನೀರಿನ ಅಪಸ್ಮಾರ"ದ ವಿಷಯವಾಗಿ ಬರೆದರು. ಆಮೇಲೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಇಂಥ ನೂರಾರು ಮಂದಿಯನ್ನು ಪರೀಕ್ಷಿಸಿದ್ದಾರೆ. ಲೋಕದ ಬೇರೆ ಕಡೆಗಳಲ್ಲಿ ಅಪರೂಪವಾದ ಇದು ದಕ್ಷಿಣ ಕರ್ನಾಟಕದಲ್ಲಿ ಅಷ್ಟೇನೂ ಅಪರೂಪವಲ್ಲ. ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚಾಗಿ ಕಾಣುವುದರಿಂದ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಗಂಡುಮಕ್ಕಳನ್ನು ಹೆತ್ತವರೂ ಇದನ್ನು ತಿಳಿದಿರಬೇಕು. ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡರೆ ಎಷ್ಟೋ ಮಂದಿಗೆ ಅದೇ ಔಷಧವಾಗುವುದು. ಹಾಗಿದ್ದರೂ ವೈದ್ಯರಿಗೆ ತೋರಿಸಲೇಬೇಕು. ಬಚ್ಚಲುಮನೆಯ ಅಗುಳಿಯನ್ನು ಒಳಗಿನಿಂದ ಹಾಕಿಕೊಳ್ಳಗೊಡಬಾರದು.

ಕಾರಣಗಳು ಬೇರೆಯೂ ಅನೇಕವಿವೆ. ಹೆರಿಗೆಯ ಸಮಯದಲ್ಲಿ ಮಗುವಿಗೆ ಉಸಿರು ಸಾಲದಿರುವುದು, ತಲೆಗೆ ಪೆಟ್ಟು, ಮೆದುಳುಜ್ವರ ಇವು ಕೆಲವು. ಹಂದಿಯ ಲಾಡಿಹುಳುವಿನ ಮೊಟ್ಟೆಗಳು ತೊಳೆಯದ ಹಸಿ ತರಕಾರಿಯ ಮೂಲಕ ಹೊಟ್ಟೆಗೆ ಸೇರಿ, ಮರಿಗಳು ಮೆದುಳಿನಲ್ಲಿ ಗೂಡುಕಟ್ಟುವುದು ಇನ್ನೊಂದು. ಮಾಂಸವನ್ನೇ ಮುಟ್ಟದ ಮನೆಯವರಿಗೂ ಇದು ತಪ್ಪಿದ್ದಲ್ಲ. ಎಷ್ಟೋ ಸಲ ಕಾರಣವೇ ಸಿಕ್ಕುವುದಿಲ್ಲ.

ಮಾರ್ಕನ ಸುವಾರ್ತೆಯ ಒಂಭತ್ತನೆಯ ಅಧ್ಯಾಯದಲ್ಲಿ ಬರುವ ಆ ಹುಡುಗನನ್ನು ನಮ್ಮ ಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ಅವನು ನೊರೆಗರೆದು, ಹಲ್ಲು ಕಡಿದು, ಬೆಂಕಿಗೂ ನೀರಿಗೂ ಬೀಳುತ್ತಿದ್ದನೆಂದು ತಂದೆಯು ಹೇಳಿಕೊಳ್ಳುತ್ತಾನೆ. ಮೂರ್ಛೆ ಬಂದವರೆಲ್ಲರಿಗೂ ದುರಾತ್ಮ ಹಿಡಿದಿದೆಯೆಂಬುದಕ್ಕೆ ಈ ಭಾಗವನ್ನು ಆಧಾರಮಾಡಿಕೊಳ್ಳುವವರನ್ನು ನಾವು ಕಂಡಿದ್ದೇವೆ. ನಮಗಾದರೋ ಆ ಪ್ರಸಂಗದಲ್ಲಿ ಬೇರೊಂದು ಸಂಗತಿ ಮನಸ್ಸಿಗೆ ನಾಟುತ್ತದೆ. ಜನರ ಗುಂಪು ಸುತ್ತಲೂ ವಾದಿಸುತ್ತಿರುವಾಗ ಕರ್ತನು ತಂದೆಯ ಕಡೆಗೆ ತಿರುಗಿ, ಹುಡುಗನಿಗೆ ಇದು ಎಷ್ಟು ಕಾಲದಿಂದ ಆಗುತ್ತಿದೆಯೆಂದು ವಿಚಾರಿಸುತ್ತಾನೆ. ಇಂದು ನರವೈದ್ಯರ ಮುಂದೆ ಕುಳಿತರೆ ಅವರು ಕೇಳುವ ಮೊದಲನೆಯ ಪ್ರಶ್ನೆಗಳಲ್ಲಿ ಇದೂ ಒಂದು. ವೈದ್ಯರು ಮೂರ್ಛೆಯನ್ನು ಸಾಮಾನ್ಯವಾಗಿ ಕಣ್ಣಾರೆ ಕಾಣುವುದಿಲ್ಲ. ಕಂಡವರು ಹೇಳುವ ವಿವರದಿಂದಲೇ ಅರ್ಧ ರೋಗನಿರ್ಣಯವಾಗುವುದು. ಆದುದರಿಂದ ಎಷ್ಟು ಹೊತ್ತಿಗೆ ಬಂತು, ಯಾವ ಕಡೆ ಮೊದಲು ಅದುರಿತು, ಕಣ್ಣು ತೆರೆದಿತ್ತೋ ಮುಚ್ಚಿತ್ತೋ, ಎಷ್ಟು ನಿಮಿಷವಿತ್ತು, ಹಿಂದಿನ ರಾತ್ರಿ ನಿದ್ದೆಯಾಗಿತ್ತೇ ಎಂಬುದನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿರಿ. ಮನೆಯಲ್ಲಿ ಹುಡುಗರ ಕೈಯಲ್ಲಿ ಯಾವಾಗಲೂ ಇರುವ ಫೋನಿನಲ್ಲಿ ಚಿತ್ರವನ್ನು ಹಿಡಿದುಕೊಂಡರೆ ಇನ್ನೂ ಉತ್ತಮ. ಆ ಯಂತ್ರದಿಂದ ಒಂದಾದರೂ ಪ್ರಯೋಜನವಾಗಲಿ.

ಎದುರಿಗೆ ಯಾರಿಗಾದರೂ ಮೂರ್ಛೆ ಬಂದರೆ ಮಾಡತಕ್ಕದ್ದು ಬಹಳ ಸ್ವಲ್ಪ, ಮಾಡಬಾರದ್ದೇ ಬಹಳ. ಒಲೆ, ಕಲ್ಲು, ಕುರ್ಚಿಗಳನ್ನು ದೂರಮಾಡಿ, ತಲೆಯ ಕೆಳಗೆ ಮೆತ್ತಗಿನ ಬಟ್ಟೆಯಿಟ್ಟು, ಕುತ್ತಿಗೆಯ ಬಳಿ ಬಿಗಿಯಾದುದನ್ನು ಸಡಿಲಿಸಿ, ಆದಷ್ಟು ಬೇಗ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು. ಜೊಲ್ಲು ಹೊರಕ್ಕೆ ಹರಿದು ಉಸಿರಾಟ ಸುಗಮವಾಗುವುದು. ಗಡಿಯಾರವನ್ನು ನೋಡಬೇಕು. ಐದು ನಿಮಿಷ ಮೀರಿದರೆ, ಅಥವಾ ಎಚ್ಚರವಾಗದೆಯೇ ಮತ್ತೊಂದು ಬಂದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬಾಯಲ್ಲಿ ಚಮಚ, ಬೆರಳು, ನೀರು ಏನನ್ನೂ ಹಾಕಕೂಡದು; ಕೈಕಾಲುಗಳನ್ನು ಅದುಮಿ ಹಿಡಿಯಕೂಡದು. ಬೀಗದ ಕೈಯಿಂದಾಗಲಿ, ಈರುಳ್ಳಿಯಿಂದಾಗಲಿ, ಮೂಗಿಗೆ ಹಿಡಿದ ಪಾದರಕ್ಷೆಯಿಂದಾಗಲಿ ಮೂರ್ಛೆ ನಿಲ್ಲುವುದಿಲ್ಲ. ಅದು ತಾನಾಗಿಯೇ ನಿಲ್ಲುವ ಹೊತ್ತಿಗೆ ಇವು ಅಲ್ಲಿದ್ದುದರಿಂದ ಇವಕ್ಕೆ ಕೀರ್ತಿ ಬಂದಿದೆ, ಅಷ್ಟೆ.

ಔಷಧಗಳು ಹೊಸವೇನೂ ಅಲ್ಲ. ಫಿನೋಬಾರ್ಬಿಟಾಲ್ 1912ರಿಂದಲೂ, ಫೆನಿಟಾಯಿನ್ 1938ರಿಂದಲೂ ಬಳಕೆಯಲ್ಲಿವೆ. ಆಮೇಲೆ ಬಂದವು ಹಲವು. ಇಂಥ ಅಗ್ಗದ ಹಳೆಯ ಮಾತ್ರೆಗಳಿಂದಲೇ ಹಳ್ಳಿಗಾಡಿನಲ್ಲಿ ಎಷ್ಟು ಸಾಧಿಸಬಹುದೆಂಬುದನ್ನು ಮೇಲೆ ಹೇಳಿದ ಡಾಕ್ಟರ್ ಮಣಿಯವರ ತಂಡವು ಯಳಂದೂರಿನ ಸೀಮೆಯಲ್ಲಿ ಮಾಡಿ ತೋರಿಸಿತು. 2001ರಲ್ಲಿ ಅದರ ವರದಿಯು ಲಂಡನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತು. ಲೋಕದಲ್ಲಿ ಸುಮಾರು ಐದು ಕೋಟಿ ಜನರಿಗೆ ಈ ರೋಗವಿದೆಯೆಂದೂ, ಸರಿಯಾದ ಚಿಕಿತ್ಸೆ ದೊರೆತರೆ ಅವರಲ್ಲಿ ನೂರಕ್ಕೆ ಎಪ್ಪತ್ತು ಮಂದಿಯವರೆಗೆ ಮೂರ್ಛೆಯಿಲ್ಲದೆ ಬಾಳಬಹುದೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಕೆಡುಕೆಲ್ಲ ನಡುವೆ ನಿಲ್ಲಿಸುವುದರಲ್ಲಿದೆ. ಆರು ತಿಂಗಳು ಮೂರ್ಛೆ ಬಾರದಿದ್ದರೆ ವಾಸಿಯಾಯಿತೆಂದು ತಿಳಿದು ಮಾತ್ರೆಯನ್ನು ಬಿಟ್ಟುಬಿಡುತ್ತಾರೆ. ಮದುವೆ ಗೊತ್ತಾದರೆ, ಅತ್ತೆಯ ಮನೆಯಲ್ಲಿ ಡಬ್ಬಿ ಕಂಡೀತೆಂಬ ಅಂಜಿಕೆಯಿಂದ, ಮದುವೆಯ ಹಿಂದಿನ ದಿನವೇ ಬಿಡಿಸುತ್ತಾರೆ. ನಿದ್ದೆಯಿಲ್ಲದ ಮದುವೆಮನೆ, ಮಾತ್ರೆಯಿಲ್ಲದ ಮೈ: ಇದಕ್ಕಿಂತ ಅಪಾಯಕರವಾದ ಜೋಡಿ ಮೂರ್ಛೆರೋಗಕ್ಕೆ ಮತ್ತೊಂದಿಲ್ಲ.

ಈ ಅಂಜಿಕೆಗೆ ಕಾನೂನಿನ ಬೆಂಬಲವೂ ಕೆಲವು ಕಾಲ ಇತ್ತೆಂಬುದನ್ನು ಹೇಳದಿರಲಾಗದು. 1976ರ ತಿದ್ದುಪಡಿಯಿಂದ ಹಿಂದೂ ವಿವಾಹ ಕಾಯಿದೆಯಲ್ಲಿಯೂ ವಿಶೇಷ ವಿವಾಹ ಕಾಯಿದೆಯಲ್ಲಿಯೂ, ಮೇಲಿಂದ ಮೇಲೆ ಹುಚ್ಚು ಅಥವಾ ಅಪಸ್ಮಾರಕ್ಕೆ ಒಳಗಾಗುವವರು ಮದುವೆಗೆ ಅರ್ಹರಲ್ಲವೆಂಬ ನಿಬಂಧನೆ ಸೇರಿತ್ತು. ಇಪ್ಪತ್ತಮೂರು ವರ್ಷಗಳ ತರುವಾಯ, 1999ರಲ್ಲಿ, ಅಪಸ್ಮಾರವೆಂಬ ಶಬ್ದವನ್ನು ಆ ಕಾಯಿದೆಗಳಿಂದ ತೆಗೆದುಹಾಕಲಾಯಿತು. ಹಿರಿಯರ ಮಾತಿನಲ್ಲಿ ಮಾತ್ರ ಆ ಹಳೆಯ ನಿಬಂಧನೆ ಇನ್ನೂ ನಡೆಯುತ್ತಿದೆ. ಮಗಳ ವಿಷಯವನ್ನು ವರನ ಕಡೆಯವರಿಗೆ ಮೊದಲೇ ತಿಳಿಸಿ ಮದುವೆಮಾಡಿದ ತಾಯಿತಂದೆಗಳು ನಮ್ಮ ಪರಿಚಯದಲ್ಲಿಯೇ ಇದ್ದಾರೆ. ಒಂದೆರಡು ಸಂಬಂಧಗಳು ತಪ್ಪಿದುದು ನಿಜ. ಅನಂತರ ಒಪ್ಪಿ ಬಂದವರ ಮನೆಯಲ್ಲಿ ಆ ಮಗಳು ಮಾತ್ರೆಯ ಡಬ್ಬಿಯನ್ನು ಸಕ್ಕರೆಯ ಡಬ್ಬಿಯ ಪಕ್ಕದಲ್ಲಿಯೇ ಇಟ್ಟುಕೊಂಡಿದ್ದಾಳೆ.

ಮದುವೆಯಾದ ಹೆಣ್ಣುಮಕ್ಕಳಿಗೆ ಒಂದು ಮಾತು ಉಳಿದಿದೆ. ಈ ರೋಗವಿರುವ ತಾಯಂದಿರಲ್ಲಿ ಬಹುಮಂದಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತವೆ; ಆ ಮಕ್ಕಳಲ್ಲಿ ಬಹುಪಾಲಿಗೆ ಈ ರೋಗವು ಬರುವುದೂ ಇಲ್ಲ. ಆದರೆ ವಾಲ್ಪ್ರೊಯೇಟ್ ಮೊದಲಾದ ಕೆಲವು ಔಷಧಗಳು ಗರ್ಭದ ಶಿಶುವಿಗೆ ಕೆಡುಕನ್ನುಂಟುಮಾಡುವುದರಿಂದ, ಗರ್ಭ ನಿಲ್ಲುವುದಕ್ಕೆ ಮೊದಲೇ ವೈದ್ಯರನ್ನು ಕಂಡು, ಬೇಕಾದರೆ ಔಷಧವನ್ನು ಬದಲಾಯಿಸಿಕೊಂಡು, ಅವರು ಹೇಳುವ ಫೋಲಿಕ್ ಆಮ್ಲದ ಮಾತ್ರೆಯನ್ನು ಆರಂಭಿಸಿಕೊಳ್ಳಬೇಕು. ಬಸಿರಾದೆನೆಂದು ತಿಳಿದೊಡನೆ ಹೆದರಿ ತಾನಾಗಿಯೇ ಎಲ್ಲವನ್ನೂ ನಿಲ್ಲಿಸಕೂಡದು. ಹಾಗೆ ನಿಲ್ಲಿಸಿದಾಗ ಬರುವ ಮೂರ್ಛೆಯು ತಾಯಿಗೂ ಶಿಶುವಿಗೂ ಔಷಧಕ್ಕಿಂತ ಹೆಚ್ಚಿನ ಅಪಾಯವನ್ನು ತರಬಲ್ಲದು. ಹೆರಿಗೆಯಾದ ಮೇಲೆ ಮೊಲೆಯೂಡಿಸುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಬಾಣಂತಿಗೆ ರಾತ್ರಿಯ ನಿದ್ದೆ ಕೆಡದಂತೆ ಮನೆಯ ಹಿರಿಯ ಹೆಂಗಸರೊಬ್ಬರು ಮಗುವನ್ನು ಒಂದೆರಡು ಜಾವ ನೋಡಿಕೊಳ್ಳಲಿ. ಕೂಸಿಗೆ ನೀರೆರೆಯುವಾಗ ಬಾಣಂತಿಯನ್ನು ಒಬ್ಬಳನ್ನೇ ಬಿಡದಿರಲಿ.